ಬಣ್ಣಕ್ಕೊಂದು ಬೇಲಿ, ಬೇಲಿಗೊಂದು ಬೇಲಿ

ಚೆನ್ನೈ ಸುತ್ತಲಿನ ಇರುಂಗಾಟ್ಟುಕೋಟ್ಟೈ, ಒರಗಡಂನಂಥ ಊರುಗಳ ಕಾರ್ಖಾನೆಗಳಿಂದ ಹೊರಬರುವ ಕಾರು ಬರಿಮೈಯಲ್ಲಿ ಬರುವುದಿಲ್ಲ. ಇಂದಿನ ಕಾರಿನ ತಗಡಿಗೆ ಮೊದಲು ಫಾಸ್ಫೇಟ್ ದ್ರಾವಣದ ಸ್ನಾನವಾಗುತ್ತದೆ. ಆಮೇಲೆ ಇಡೀ ಚೌಕಟ್ಟನ್ನು ವಿದ್ಯುತ್ ಹರಿಯುವ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ಮೂಲೆ, ಸಂದು, ಟೊಳ್ಳುಗಳಿಗೂ ಲೇಪ ಹಿಡಿಯಲಿ ಎಂಬುದು ಉದ್ದೇಶ. ಅದರ ಮೇಲೆ ಪ್ರೈಮರ್, ನಂತರ ಬಣ್ಣ, ಕೊನೆಗೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ 100ರಿಂದ 130 ಮೈಕ್ರಾನ್ ಆಸುಪಾಸು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ಇಷ್ಟೆಲ್ಲ ಉಡಿಸಿ ಕಳಿಸಿದ ಕಾರು ಅಣ್ಣಾ ಸಾಲೈನ ಷೋರೂಂ ತಲುಪುವಷ್ಟರಲ್ಲಿ ‘ಪೇಂಟಿಗೆ ಏನು ಪ್ರೊಟೆಕ್ಷನ್ ಹಾಕಿಸ್ತೀರಿ ಸಾರ್?’ ಎಂಬ ಪ್ರಶ್ನೆ ಕಾದು ನಿಂತಿರುತ್ತದೆ. ಹತ್ತಾರು ಸಾವಿರ ಕೊಟ್ಟರೆ ಸೆರಾಮಿಕ್ ಕೋಟಿಂಗ್. ಕೈ ಇನ್ನೂ ಸಡಿಲವಾಗಿದ್ದರೆ ಇಡೀ ಕಾರಿಗೆ ಪಿಪಿಎಫ್ ಎಂಬ ಪಾರದರ್ಶಕ ಫಿಲ್ಮ್, ಅದರ ಖರ್ಚು ಸಲೀಸಾಗಿ ಲಕ್ಷ ದಾಟುತ್ತದೆ. ಫಿಲ್ಮ್ ಸವೆಯದಿರಲಿ ಎಂದು ಅದರ ಮೇಲೂ ಸೆರಾಮಿಕ್ ಬಳಿಯುವುದುಂಟು. ಹೊಲ ಕಾಯಲು ಹಾಕಿದ ಬೇಲಿಗೇ ಬೇಲಿ ಕಟ್ಟಿದ ಹಾಗೆ. ಇದೆಲ್ಲ ಮೋಸ ಎಂದು ತಳ್ಳಿಹಾಕುವಂತಿಲ್ಲ, ಕೆಲವು ಲೇಪಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಪದರ ಹೆಚ್ಚಿದಂತೆ ಕಾವಲಿನ ಗುರಿ ಬದಲಾಗಿದೆ. ಲೋಹವನ್ನು ಉಳಿಸಲು ಶುರುವಾದ ಕೆಲಸ ಈಗ ಕಾರಿನ ಹೊಸತನವನ್ನು ಉಳಿಸುವ ಕೆಲಸವಾಗಿದೆ. ಚೆನ್ನೈಯಂಥ ಕಡಲೂರಿನಲ್ಲಿ ಈ ಎರಡೂ ಒಂದೇ ಅಲ್ಲ.

ವಾರ್ನಿಷಿನಿಂದ ಕ್ಲಿಯರ್ ಕೋಟ್‌ವರೆಗೆ

ಇಂದು ಅಣ್ಣಾ ಸಾಲೈ ಎನಿಸಿಕೊಂಡಿರುವ ಮದರಾಸಿನ ಮೌಂಟ್ ರೋಡಿಗೂ ವಾಹನದ ಮೈಬಣ್ಣಕ್ಕೂ ಇರುವ ನಂಟು ಕಾರಿಗಿಂತ ಹಳೆಯದು. 1840ರಲ್ಲಿ ಆರಂಭವಾದ ಸಿಂಪ್ಸನ್ ಕಂಪನಿ ಮೊದಲು ಮಾಡುತ್ತಿದ್ದುದು ಕುದುರೆ ಸಾರೋಟುಗಳನ್ನು. 1903ರಲ್ಲಿ ಅದೇ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಉಗಿಯಿಂದ ಓಡುವ ಕಾರೊಂದನ್ನು ಕಟ್ಟಿ ಊರಿನ ಬೀದಿಗಿಳಿಸಿದರು. ಆ ಕಾಲದ ಸಾರೋಟು, ಕಾರುಗಳೆರಡಕ್ಕೂ ಕುಂಚದಿಂದ ಪದರದ ಮೇಲೆ ಪದರ ವಾರ್ನಿಷ್ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯಬೇಕಿತ್ತು. ಕೆಲಸ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. 1923ರ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಮತ್ತು ಜನರಲ್ ಮೋಟರ್ಸ್ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಮಾರುಕಟ್ಟೆಗೆ ತಂದಮೇಲೆ ಆ ವಾರಗಳು ಗಂಟೆಗಳಿಗೆ ಇಳಿದವು. ಮುಂದೆ ಒಲೆಯಲ್ಲಿ ಬೇಯಿಸಿ ಗಟ್ಟಿಮಾಡುವ ಎನಾಮಲ್‌ಗಳು ಬಂದವು. ಇವೆಲ್ಲವುಗಳ ಮುಖ್ಯ ಕೆಲಸ ಒಂದೇ: ಕಬ್ಬಿಣಕ್ಕೆ ಗಾಳಿ, ನೀರು ತಗುಲದಂತೆ ತಡೆಯುವುದು. ಅಂದ ಅದರ ಜೊತೆಗೆ ಬಂದ ಲಾಭ.

ಕಡಂದಲೆ ಕೃಷ್ಣರಾಯರು 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಕನ್ನಡಿಗರಿಗೆ ಹೊಸ ಹೆಸರಲ್ಲ. 2008ರಲ್ಲಿ ಮುಚ್ಚುವವರೆಗೂ ಅಲ್ಲಿ ಮರದಡಿ ನಿಂತ ಕಾರಿನೊಳಗೇ ಇಡ್ಲಿ, ದೋಸೆ ಬರುತ್ತಿತ್ತು. ಆ ಹೋಟೆಲಿನ ಮೊದಲ ದಶಕಗಳಲ್ಲಿ ಊರಿನಲ್ಲಿ ಓಡುತ್ತಿದ್ದ ಅಂಬಾಸಿಡರ್, ಫಿಯೆಟ್ ಮತ್ತು ಚೆನ್ನೈಯಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳ ಬಣ್ಣ ಬಿಸಿಲಿಗೆ ಮಂಕಾಗಿ ಸುಣ್ಣ ಬಳಿದಂತಾಗುತ್ತಿತ್ತು. ಅದಕ್ಕೆ ಮದ್ದು ರಬ್ಬಿಂಗ್ ಪಾಲಿಷ್. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಸತ್ತ ಮೇಲ್ಪದರ ಹೋಗಿ ಕೆಳಗಿನ ಜೀವಂತ ಬಣ್ಣ ಮೇಲೆ ಬರುತ್ತಿತ್ತು. ಮೇಲಿನಿಂದ ಕೆಳಗಿನವರೆಗೂ ಒಂದೇ ಬಣ್ಣವಾದ್ದರಿಂದ ಸವೆತಕ್ಕೆ ಯಾರೂ ಅಷ್ಟಾಗಿ ಹೆದರಬೇಕಿರಲಿಲ್ಲ. ಮೇಲೊಂದಿಷ್ಟು ಮೇಣ ತಿಕ್ಕಿದರೆ ಕೆಲಸ ಮುಗಿಯಿತು.

ಹೆದರಿಕೆ ಹುಟ್ಟಿದ್ದು ಕ್ಲಿಯರ್ ಕೋಟ್ ಬಂದ ಮೇಲೆ. ಲೋಹದ ಮಿನುಗಿನ ಬಣ್ಣಗಳು ಜನಪ್ರಿಯವಾದಂತೆ, ಆ ಮಿನುಗನ್ನು ಕಾಯಲು ಬಣ್ಣದ ಮೇಲೆ ಪ್ರತ್ಯೇಕ ಪಾರದರ್ಶಕ ಪದರ ಹಾಕುವ ರೂಢಿ 1980ರ ದಶಕದಲ್ಲಿ ಜಗತ್ತಿನಾದ್ಯಂತ ಹಬ್ಬಿತು. ಹ್ಯುಂಡೈ 1996ರಲ್ಲಿ ಚೆನ್ನೈಗೆ ಬಂದು 1998ರಲ್ಲಿ ಸ್ಯಾಂಟ್ರೊ ಬಿಡುಗಡೆ ಮಾಡಿದಾಗ ಇದು ಕಾರು ಉದ್ಯಮಕ್ಕೆ ಹಳೆಯ ವಿಷಯ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕಗಳು ಇರುವುದು ಈ ಪದರದಲ್ಲಿ. ಹೊಳಪೂ ಅದರದ್ದೇ. ಆದರೆ ಅದರ ದಪ್ಪ ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಯಂತ್ರದಿಂದ ಪಾಲಿಷ್ ಮಾಡಿದ ಪ್ರತಿ ಸಲವೂ ಒಂದಿಷ್ಟು ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಪೂರ್ತಿ ಸವೆದು ಸಿಪ್ಪೆ ಏಳತೊಡಗಿದರೆ ಯಾವ ಪಾಲಿಷ್ ಹಚ್ಚಿದರೂ ಪ್ರಯೋಜನವಿಲ್ಲ, ಆ ಭಾಗಕ್ಕೆ ಮತ್ತೆ ಪೇಂಟ್ ಹೊಡೆಸಬೇಕು. ಗಾಜಿನಂಥ ಮೇಲ್ಮೈಯಾದ್ದರಿಂದ ಬಟ್ಟೆಯ ಒಂದೊಂದು ಗೀರೂ, ಅದರಲ್ಲೂ ಕಪ್ಪು ಕಾರಿನ ಮೇಲೆ, ಬಿಸಿಲಿನಲ್ಲಿ ಜೇಡರಬಲೆಯಾಗಿ ಕಾಣುತ್ತದೆ. ಅಳತೆಗೆ ಸಿಕ್ಕಿದ, ಮುಗಿದುಹೋಗಬಲ್ಲ ವಸ್ತುವಿಗೆ ವಿಮೆ ಮಾರುವುದು ಸುಲಭ. ಇಂದಿನ ವ್ಯಾಪಾರದ ಬೇರು ಇಲ್ಲಿದೆ.

ಹೆಲಿಕಾಪ್ಟರಿನಿಂದ ಬಂದ ಫಿಲ್ಮ್, ಬಾಟಲಿಯಿಂದ ಬಂದ ಗಾಜು

ಪಿಪಿಎಫ್ ಹುಟ್ಟಿದ್ದು ಅಂದಕ್ಕಾಗಿ ಅಲ್ಲ. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಹೊತ್ತಿಗೆ, ಹೆಲಿಕಾಪ್ಟರಿನ ರೆಕ್ಕೆಗಳ ಅಂಚು ಮರಳು, ಚೂರುಗಳ ಹೊಡೆತಕ್ಕೆ ಸವೆಯದಂತೆ ಅಮೆರಿಕದ 3ಎಂ ಕಂಪನಿ ಪಾಲಿಯುರಿಥೇನ್ ಟೇಪನ್ನು ಸಿದ್ಧಪಡಿಸಿತು. ಅದು ರೇಸ್ ಕಾರುಗಳ ಮೂತಿಗೆ ಬಂದು, ಅಲ್ಲಿಂದ ಸಾಮಾನ್ಯ ಕಾರಿಗೆ ಇಳಿಯಿತು. ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಈ ಫಿಲ್ಮ್ ಕಾರಿನ ಇಡೀ ಬಣ್ಣಕ್ಕಿಂತ ದಪ್ಪ, ರಬ್ಬರಿನ ಹಾಗೆ ಹಿಗ್ಗಿ ಕುಗ್ಗಬಲ್ಲದು. ಹಾರಿಬಂದ ಜಲ್ಲಿಚೂರಿನ ಹೊಡೆತವನ್ನು ತಾನು ನುಂಗಿಕೊಳ್ಳುತ್ತದೆ. ಮೇಲ್ಪದರಕ್ಕೆ ಬಿದ್ದ ಸಣ್ಣ ಗೀರುಗಳು ಬಿಸಿಲಿನ ಶಾಖಕ್ಕೆ ತಾವೇ ಕೂಡಿಕೊಳ್ಳುತ್ತವೆ. ಅಗ್ಗದ ಫಿಲ್ಮ್‌ಗಳು ಬಿಸಿಲಿಗೆ ಹಳದಿಯಾಗುವುದಕ್ಕೆ ಅವುಗಳಲ್ಲಿರುವ ಆರೊಮ್ಯಾಟಿಕ್ ಬಗೆಯ ಪಾಲಿಯುರಿಥೇನ್ ಕಾರಣ. ಅಲಿಫ್ಯಾಟಿಕ್ ಬಗೆ ದುಬಾರಿ, ಆದರೆ ಬಣ್ಣಗೆಡುವುದು ಕಡಿಮೆ. ಅಂಟಿಸುವ ವಿದ್ಯೆ ಸೋಪುನೀರು, ಸ್ಕ್ವೀಜಿ, ಬ್ಲೇಡುಗಳದ್ದು. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಆದೇಶಿಸುವವರೆಗೆ ಜನರಲ್ ಪ್ಯಾಟರ್ಸ್ ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ಸನ್ ಫಿಲ್ಮ್ ಹಾಕುತ್ತಿದ್ದ ಕೈಗಳಿಗೆ ಬೇಕಿದ್ದ ಕಸುಬೂ ಇದೇ.

ಸೆರಾಮಿಕ್‌ನ ದಾರಿ ಬೇರೆ. ಅದಕ್ಕೂ ಮೊದಲು ನಮ್ಮ ಷೋರೂಂಗಳಲ್ಲಿ ‘ಟೆಫ್ಲಾನ್ ಕೋಟಿಂಗ್’ ಎಂಬುದು ವರ್ಷಗಟ್ಟಲೆ ಮಾರಾಟವಾಯಿತು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಆ ವಸ್ತು ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೋಸೆ ತವಾಕ್ಕೆ ಅದನ್ನು ಕಾಯಿಸಿ ಕೂರಿಸಬಹುದು, ಪೇಂಟ್ ಹೊಡೆದ ಕಾರಿಗೆ ಅಷ್ಟು ಶಾಖ ಕೊಟ್ಟರೆ ಪೇಂಟೇ ಉಳಿಯದು. ಆ ಹೆಸರಿನ ಗೀಳು ಇಳಿದಾಗ ಸೆರಾಮಿಕ್ ಬಂತು. ಇದರ ರಸಾಯನ ಸುಳ್ಳಲ್ಲ: ಸಿಲಿಕಾನ್ ಇರುವ ದ್ರಾವಣವನ್ನು ಬಳಿದಾಗ ಅದು ಗಾಳಿಯ ತೇವದೊಂದಿಗೆ ಕೂಡಿ ಗಾಜಿನ ಗುಣದ ತೆಳುಪೊರೆಯಾಗುತ್ತದೆ. ನೀರು ಮಣಿಮಣಿಯಾಗಿ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹೊಳಪು ಮೇಣಕ್ಕಿಂತ ಬಹುಕಾಲ ನಿಲ್ಲುತ್ತದೆ.

ಎಡವಟ್ಟಾಗುವುದು ಇದನ್ನು ಗುರಾಣಿ ಎಂದು ಮಾರುವಾಗ. ಒಂದು ಸಣ್ಣ ಲೆಕ್ಕ ಸಾಕು. ಒಂದು ಕಾರಿಗೆ ಬಳಸುವ ಬಾಟಲಿಯಲ್ಲಿ 30 ಮಿಲಿಲೀಟರ್ ದ್ರಾವಣವಿದೆ ಎನ್ನಿ, ಕಾರಿನ ಮೈಯನ್ನು 10 ಚದರ ಮೀಟರ್ ಎಂದೇ ಇಟ್ಟುಕೊಳ್ಳಿ. ಒಂದು ಹನಿಯೂ ಚೆಲ್ಲದೆ ಹರಡಿದರೆ ಸಿಗುವ ದಪ್ಪ 3 ಮೈಕ್ರಾನ್. ಅದರಲ್ಲಿ ದೊಡ್ಡ ಪಾಲು ಆವಿಯಾಗುವ ದ್ರಾವಕ, ಇನ್ನೊಂದಿಷ್ಟು ಮೈಕ್ರೊಫೈಬರ್ ಬಟ್ಟೆಗೆ ಹೋಗುತ್ತದೆ. ಉಳಿಯುವುದು ಒಂದು ಮೈಕ್ರಾನ್ ಆಚೀಚೆ, ಫಿಲ್ಮಿನ ನೂರೈವತ್ತನೇ ಒಂದು ಪಾಲು. ಕಲ್ಲಿನ ಹೊಡೆತವನ್ನು ಇದು ತಡೆಯುವ ಮಾತೇ ಇಲ್ಲ. ‘9ಎಚ್ ಗಡಸುತನ’ ಎಂಬ ಘೋಷಣೆಯನ್ನೂ ಬಿಡಿಸಿ ನೋಡಬೇಕು. ಅದು ವಜ್ರ, ಮಾಣಿಕ್ಯಗಳ ಗಡಸುತನ ಅಳೆಯುವ ಮೋಸ್ ಮಾನದ ಒಂಬತ್ತಲ್ಲ, ಪೆನ್ಸಿಲಿನ ದರ್ಜೆ. ಮುಕ್ಕಾಲು ಕಿಲೊ ಭಾರದಡಿ 45 ಡಿಗ್ರಿ ಓರೆಯಾಗಿ ಹಿಡಿದ ಪೆನ್ಸಿಲನ್ನು ಲೇಪದ ಮೇಲೆ ತಳ್ಳಿ, ಯಾವ ದರ್ಜೆಯ ಸೀಸ ಕೊರೆಯುವುದಿಲ್ಲ ಎಂದು ನೋಡುವ ಪರೀಕ್ಷೆ ಅದು. ಗಾಜಿನ ಹಾಳೆಯ ಮೇಲೆ ಬಳಿದಾಗ ಸಿಕ್ಕ ಅಂಕಿ ಮೆದುವಾದ ಕ್ಲಿಯರ್ ಕೋಟ್ ಮೇಲೆಯೂ ಸಿಗಬೇಕೆಂದಿಲ್ಲ. ರಸ್ತೆಯ ದೂಳಿನಲ್ಲಿರುವ ಮರಳಿನ ಹರಳು ಗಾಜನ್ನೇ ಗೀರಬಲ್ಲದು, ಒಂದು ಮೈಕ್ರಾನ್ ಪೊರೆ ಅದಕ್ಕೆ ಲೆಕ್ಕವಲ್ಲ.

ಚೆನ್ನೈ ನೀರು, ಚೆನ್ನೈ ಉಪ್ಪು

ಈ ಮಾತನ್ನು ಚೆನ್ನೈಗೇ ಹಚ್ಚಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇಲ್ಲಿನ ಅನೇಕ ಬಡಾವಣೆಗಳಲ್ಲಿ ಕಾರು ತೊಳೆಯುವುದು ಗಡಸಾದ ಬೋರ್‌ವೆಲ್ ನೀರಿನಲ್ಲಿ. ಕೆರೆಗಳು ಬತ್ತಿಹೋದ 2019ರ ಬೇಸಿಗೆಯಲ್ಲಂತೂ ಸಿಕ್ಕಿದ ಟ್ಯಾಂಕರ್ ನೀರೇ ಗತಿಯಾಗಿತ್ತು. ಸೆರಾಮಿಕ್ ಹಾಕಿದ ಬಾನೆಟ್ ಮೇಲೆ ಹನಿ ಹರಡದೆ ಗುಂಡಗೆ ನಿಲ್ಲುತ್ತದೆ. ಬಿಸಿಲಿಗೆ ಅದು ಆರುತ್ತ ಕುಗ್ಗಿದಂತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೆಲ್ಲ ಒಂದೇ ಚುಕ್ಕಿಯಲ್ಲಿ ಗುಡ್ಡೆಯಾಗಿ, ಬೆರಳಿಗೆ ತಗುಲುವಂಥ ಬಿಳಿ ಉಂಗುರ ಉಳಿಯುತ್ತದೆ. ಲೇಪದ ಹೆಗ್ಗಳಿಕೆಯಾದ ಮಣಿಹನಿಯೇ ಇಲ್ಲಿ ಕಲೆಯ ಮೂಲ. ತೊಳೆದ ಕೂಡಲೇ ಒರೆಸಿ ಒಣಗಿಸದಿದ್ದರೆ ಕೋಟಿಂಗ್ ಇಲ್ಲದ ಕಾರಿಗಿಂತ ಕೋಟಿಂಗ್ ಇದ್ದ ಕಾರೇ ಹೆಚ್ಚು ಚುಕ್ಕಿಚುಕ್ಕಿಯಾಗಬಹುದು. ಹಕ್ಕಿ ಹಿಕ್ಕೆಯದೂ ಇದೇ ಕತೆ. ಹಿಕ್ಕೆಯ ಬದಲು ಪ್ಯಾಂಕ್ರಿಯಾಟಿನ್ ಎಂಬ ಕಿಣ್ವಮಿಶ್ರಣ ಬಳಸಿ ಇರಾನಿನ ಸಂಶೋಧಕರು ನಡೆಸಿದ ಪ್ರಯೋಗಗಳಲ್ಲಿ ಅದು ಕ್ಲಿಯರ್ ಕೋಟಿನ ರಾಸಾಯನಿಕ ಕೊಂಡಿಗಳನ್ನೇ ಒಡೆಯುವುದು ಕಂಡಿತು. ತೆಳುಪೊರೆ ಕೊಡುವುದು ಒರೆಸಲು ಒಂದಿಷ್ಟು ಹೆಚ್ಚು ಸಮಯ, ಅಷ್ಟೇ.

ಕಡಲೂರಿನ ಕಾರನ್ನು ನಿಜವಾಗಿ ತಿನ್ನುವುದು ಉಪ್ಪು. 1948ರಲ್ಲಿ ಕಾರೈಕುಡಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್‌ರಸಾಯನ ಸಂಶೋಧನಾ ಸಂಸ್ಥೆ, ಮಂಡಪಂ ಕಡಲ ತೀರದಲ್ಲಿ ಲೋಹದ ತುಂಡುಗಳನ್ನು ಗಾಳಿಗೊಡ್ಡಿ ದಶಕಗಳಿಂದ ತುಕ್ಕಿನ ವೇಗವನ್ನು ಅಳೆಯುತ್ತ ಬಂದಿದೆ. ಕಡಲಿಗೆ ಹತ್ತಿರವಾದಷ್ಟೂ ಗಾಳಿಯಲ್ಲಿ ಕ್ಲೋರೈಡ್ ಹೆಚ್ಚು, ತುಕ್ಕೂ ಹೆಚ್ಚು. ತಿರುವಾನ್ಮಿಯೂರು, ನೀಲಾಂಕರೈಗಳಲ್ಲಿ ಮನೆಯ ಕಿಟಕಿ ಕಂಬಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕಾರಿನಲ್ಲಿ ತುಕ್ಕು ಮೊದಲು ಹಿಡಿಯುವುದು ಹೊಳೆಯುವ ಬಾನೆಟ್ಟಿಗಲ್ಲ. ಬಾಗಿಲ ತಳದ ಮಡಿಕೆ, ಚಕ್ರದ ಕಮಾನಿನ ಒಳಬದಿ, ಅಡಿಭಾಗದ ಬೆಸುಗೆ, ನೀರು ಹರಿದುಹೋಗಲು ಬಿಟ್ಟ ತೂತು ಮಣ್ಣು ಕಟ್ಟಿ ಮುಚ್ಚಿದ ಟೊಳ್ಳುಗಳು, ಇವು ಅದರ ಮನೆ. ಸೆರಾಮಿಕ್ ಅಲ್ಲಿಗೆ ಮುಟ್ಟುವುದಿಲ್ಲ, ಫಿಲ್ಮೂ ಮುಟ್ಟುವುದಿಲ್ಲ. 2015ರ ಡಿಸೆಂಬರ್ ನೆರೆಯ ಪಾಠ ಊರಿಗೆ ಮರೆತಿಲ್ಲ. 2024ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ವೇಲಚೇರಿಯ ಮೇಲ್ಸೇತುವೆಯ ಅಂಚಿನುದ್ದಕ್ಕೂ ಜನ ಕಾರು ತಂದು ನಿಲ್ಲಿಸಿದರು. ಅಪಾಯ ಕೆಳಗಿನಿಂದ ಬರುತ್ತದೆ ಎಂಬುದು ಕಾರಿನ ಮಾಲೀಕರಿಗೆ ಗೊತ್ತು. ಖರ್ಚು ಮಾತ್ರ ಮೇಲ್ಗಡೆಯೇ ಆಗುತ್ತದೆ.

ಇದಕ್ಕೆ ಎದುರು ವಾದಗಳಿವೆ, ಅವು ಹಗುರವಲ್ಲ. ಕಲ್ಲು ಬಡಿದು ಬಣ್ಣ ಹಾರಿದ ಜಾಗದಲ್ಲೇ ತುಕ್ಕು ಶುರುವಾಗುತ್ತದಲ್ಲ, ಫಿಲ್ಮ್ ಲೋಹವನ್ನೂ ಕಾದಂತಾಗಲಿಲ್ಲವೆ ಎಂಬುದು ಮೊದಲನೆಯದು. ನಿಜ. ಲಾರಿಗಳ ಹಿಂದೆ ಬೆಂಗಳೂರು ಹೆದ್ದಾರಿಯಲ್ಲಿ ದಿನವೂ ಓಡುವ ಕಾರಿಗೆ ಬಾನೆಟ್ಟಿನ ಮುಂದಿನ ಅಂಚು, ಫೆಂಡರ್, ಬಾಗಿಲ ಕೆಳಗಿನ ಪಟ್ಟಿಗಳಿಗೆ ಫಿಲ್ಮ್ ಹಾಕಿಸುವುದು ವಿವೇಕವೇ. ಆದರೆ ಅತಿ ಹೆಚ್ಚು ಏಟು ತಿನ್ನುವ ಬಂಪರ್ ಪ್ಲಾಸ್ಟಿಕ್ಕಿನದು, ಅದಕ್ಕೆ ತುಕ್ಕಿನ ಭಯವಿಲ್ಲ. ಕಲ್ಲೇ ಬೀಳದ ಚಾವಣಿಗೂ ಡಿಕ್ಕಿಗೂ ಫಿಲ್ಮ್ ಸುತ್ತುವುದಕ್ಕೆ ಈ ವಾದ ಒದಗುವುದಿಲ್ಲ. ಮರುಮಾರಾಟದ ಬೆಲೆ ಏರುತ್ತದೆ ಎಂಬುದು ಎರಡನೆಯದು. ಹಳೆಯ ಕಾರಿನ ಬೆಲೆ ಕಟ್ಟುವವರು ಮೊದಲು ನೋಡುವುದು ಯಾವ ವರ್ಷದ ಕಾರು, ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೆಯ ಮಾಲೀಕರು, ಅಪಘಾತವಾಗಿದೆಯೇ ಎಂಬುದನ್ನು. ಹೊಳಪು ಮಾರಾಟವನ್ನು ಬೇಗ ಕುದುರಿಸಬಹುದು. ಹಾಕಿದ ಲಕ್ಷ ಲಕ್ಷವಾಗಿಯೇ ತಿರುಗಿ ಬರುತ್ತದೆ ಎಂದು ನಂಬಲು ಆಧಾರವಿಲ್ಲ, ಒಂದೆರಡು ಭಾಗಗಳಿಗೆ ಮತ್ತೆ ಪೇಂಟ್ ಹೊಡೆಸುವ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ. ಐದು ವರ್ಷದ ವಾರಂಟಿ ಇದೆಯಲ್ಲ ಎನ್ನುವವರು ಆ ಕಾಗದದ ಸಣ್ಣಕ್ಷರ ಓದಬೇಕು. ಗೀರು, ನೀರಿನ ಕಲೆ, ಹಿಕ್ಕೆ, ಕಲ್ಲೇಟು ಎಷ್ಟೋ ವಾರಂಟಿಗಳ ಹೊರಗುಳಿದಿರುತ್ತವೆ, ನಿಗದಿತ ಅವಧಿಗೆ ದುಡ್ಡು ಕೊಟ್ಟು ಸರ್ವಿಸ್ ಮಾಡಿಸುವ ಷರತ್ತೂ ಇರುತ್ತದೆ.

ಕೊನೆಯ ವಾದ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು: ಬೆವರು ಸುರಿಸಿ ದುಡಿದ ಹಣದಲ್ಲಿ ಕೊಂಡ ಕಾರು ಕಣ್ಣಿಗೆ ಹಬ್ಬವಾಗಿರಲಿ ಎಂಬ ಆಸೆ. ಅದಕ್ಕೆ ಯಾರೂ ಲೆಕ್ಕ ಒಪ್ಪಿಸಬೇಕಿಲ್ಲ. ರೇಷ್ಮೆ ಸೀರೆಯನ್ನಾಗಲಿ ತೇಗದ ಬಾಗಿಲನ್ನಾಗಲಿ ನಾವು ಉಪಯೋಗ ನೋಡಿಯೇ ಕೊಳ್ಳುವುದಿಲ್ಲ. ಅಂದಕ್ಕೆ ಕೊಟ್ಟ ಹಣವನ್ನು ಅಂದದ ಖಾತೆಗೇ ಬರೆದುಕೊಂಡರೆ ತಕರಾರಿಲ್ಲ. ಅದನ್ನೇ ರಕ್ಷಣೆಯ ಖಾತೆಗೆ ಬರೆದು, ಕಾರು ಕಾಯುವ ಕೆಲಸ ಮುಗಿಯಿತೆಂದು ನಿರಾಳವಾಗುವುದೇ ತೊಂದರೆ. ಚೆನ್ನೈಯ ಕಾರಿಗೆ ಮೊದಲು ಸಲ್ಲಬೇಕಾದದ್ದು ಅಡಿಭಾಗದ ಆರೈಕೆ: ಮಳೆಗಾಲ ಮುಗಿದೊಡನೆ ಕೆಳಗಿನಿಂದ ನೀರು ಹೊಡೆಸಿ ಮಣ್ಣು, ಉಪ್ಪು ಬಿಡಿಸುವುದು, ನೀರಿನ ತೂತುಗಳನ್ನು ತೆರೆದಿಡುವುದು, ಬೇಕಿದ್ದಲ್ಲಿ ತುಕ್ಕುನಿರೋಧಕ ಲೇಪ. ಎರಡನೆಯದು ತೊಳೆಯುವ ಕ್ರಮ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಬೆಳಗಿನ ಹೊತ್ತು ಸಾಲು ಕಾರುಗಳನ್ನು ಒರೆಸುವಾಗ ಹಿಂದಿನ ಕಾರಿನ ಮರಳು ಮುಂದಿನದರ ಮೈ ಗೀರುತ್ತದೆ. ಒರೆಸಲು ಒಂದು, ಹಿಂಡಲು ಒಂದು ಎಂದು ಎರಡು ಬಕೆಟ್, ಸ್ವಂತ ಮೈಕ್ರೊಫೈಬರ್ ಬಟ್ಟೆ ಇಟ್ಟರೆ ಅರ್ಧ ಸಮಸ್ಯೆ ನೀಗಿತು. ಮೂರನೆಯದು, ಹೆದ್ದಾರಿಯ ಓಡಾಟ ಹೆಚ್ಚಿದ್ದವರಿಗೆ ಮುಂಭಾಗದ ಫಿಲ್ಮ್. ಸೆರಾಮಿಕ್ ಇವೆಲ್ಲ ಆದಮೇಲೆ, ಇಷ್ಟವಿದ್ದವರಿಗೆ. ಡೆಲಿವರಿಯ ದಿನ ದರಪಟ್ಟಿ ಮುಂದಿಟ್ಟಾಗ ಎಷ್ಟು ವರ್ಷದ ರಕ್ಷಣೆ ಎಂದು ವಿಚಾರಿಸುವುದು ನಮ್ಮ ವಾಡಿಕೆ. ಯಾವುದರಿಂದ ರಕ್ಷಣೆ, ಕಲ್ಲಿನಿಂದಲೋ ಉಪ್ಪಿನಿಂದಲೋ ಬಟ್ಟೆಯ ಗೀರಿನಿಂದಲೋ ಎಂದು ವಿಚಾರಿಸಿದರೆ, ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂಬುದು ಆ ಪಟ್ಟಿಯಲ್ಲೇ ಇತ್ಯರ್ಥವಾಗುತ್ತದೆ.