ಮೊದಲು ಬೆಲ್ಟ್ ನೋಡಿ, ಕ್ಯಾಮೆರಾ ಆಮೇಲೆ

ದುಬೈಯಲ್ಲಿ ಕೆಲಸಕ್ಕಿರುವ ಮಕ್ಕಳು ಊರಿಗೆ ಕಳುಹಿಸುವ ವಿಡಿಯೋಗಳಲ್ಲಿ ಈಗ ಒಂದು ಹೊಸ ಬಗೆ ಸೇರಿಕೊಂಡಿದೆ. ವಿಮಾನದ ತೆರೆದ ಬಾಗಿಲು, ಕೆಳಗೆ ಪಾಮ್ ಜುಮೇರಾ ದ್ವೀಪ, ಬೆನ್ನಿಗಂಟಿಕೊಂಡು ಒಬ್ಬ ತರಬೇತುದಾರ, ನೋಡ್ತಾ ನೋಡ್ತಾ ಹಾರಿಯೇ ಬಿಟ್ಟರು. ಉಮ್ಮಂದಿರು ಎದೆ ಹಿಡಿದುಕೊಂಡು ನೋಡುತ್ತಾರೆ, ಆಮೇಲೆ ಅವರೇ ನಾಲ್ಕು ಮನೆಗೆ ಫಾರ್ವರ್ಡ್ ಮಾಡುತ್ತಾರೆ. ಅದೇ ವಿಡಿಯೋ ಗಂಗಾವತಿಯ ಬೇಕರಿಯಲ್ಲಿ, ಕೊಪ್ಪಳದ ಹೋಟೆಲಿನಲ್ಲಿ, ಕುಷ್ಟಗಿ, ಯಲಬುರ್ಗಾದ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರ ಫೋನಿಗೂ ಬರುತ್ತದೆ. ಇವರಿಗೆ ಹಾರಲು ವಿಮಾನ ಇಲ್ಲ. ಆದರೆ ಸಾಣಾಪುರ ಉಂಟು.

ಗಂಗಾವತಿಯಿಂದ ಬೈಕಿನಲ್ಲಿ ಹೆಚ್ಚು ದೂರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬಿ ನಿಲ್ಲುವ ಕೆರೆ, ಆಚೆ ಬಂಡೆಗಳ ನಡುವೆ ನುಗ್ಗಿ ಹರಿಯುವ ಹೊಳೆ, ಹರಿಗೋಲು, ಅದೇ ದಾರಿಯಲ್ಲಿ ಅಂಜನಾದ್ರಿ, ಆನೆಗುಂದಿ. ರಜೆ ಸಿಕ್ಕಿತೆಂದರೆ ಹುಡುಗರ ಬೈಕು ಆ ಕಡೆ ತಿರುಗುತ್ತದೆ. ಬಂಡೆ ಮೇಲಿಂದ ನೀರಿಗೆ ಹಾರುವುದು, ಇನ್ನೊಬ್ಬ ಅದನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯುವುದು, ರಾತ್ರಿಯೊಳಗೆ ರೀಲ್ಸ್ ಹಾಕುವುದು. 2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಯುವ ವೈದ್ಯೆಯೊಬ್ಬರು ಇಲ್ಲಿ ಸುಮಾರು 25 ಅಡಿ ಎತ್ತರದ ಬಂಡೆಯಿಂದ ತುಂಗಭದ್ರೆಗೆ ಹಾರಿದರು. ಜೊತೆಗಿದ್ದವರು ವಿಡಿಯೋ ಮಾಡುತ್ತಿದ್ದರು. ನೀರಿನ ಸೆಳೆತ ಅವರನ್ನು ಎಳೆದುಕೊಂಡು ಹೋಯಿತು. ಮರುದಿನ ಶವ ಸಿಕ್ಕಿತು. ಆ ವಿಡಿಯೋ ಕೂಡ ದೇಶವೆಲ್ಲ ಸುತ್ತಿತು.

ಈ ಎರಡು ವಿಡಿಯೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು 13,000 ಅಡಿಯಿಂದ ಹಾರಿದ್ದು, ಇನ್ನೊಂದು 25 ಅಡಿಯಿಂದ. ಯಾವುದು ಹುಚ್ಚಾಟ ಎಂದು ಕೇಳಿದರೆ ಎಲ್ಲರೂ ಮೊದಲನೆಯದನ್ನೇ ತೋರಿಸುತ್ತಾರೆ. ಆದರೆ ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ಇಟ್ಟ ಲೆಕ್ಕದ ಪ್ರಕಾರ 2023ರಲ್ಲಿ ಅಲ್ಲಿ ಸುಮಾರು 36 ಲಕ್ಷ ಜಿಗಿತಗಳಾದವು, ಸತ್ತವರು 10 ಮಂದಿ. ಆಕಾಶದಿಂದ ಹಾರುವುದು ಅಪಾಯವೇ ಅಲ್ಲ ಎಂದು ಇದರ ಅರ್ಥ ಅಲ್ಲ. ಆದರೆ ಅಲ್ಲಿ ಹಾರುವವನ ಮೈಮೇಲೆ, ತಪ್ಪಿದರೆ ಎಂತ ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಕಟ್ಟಿಟ್ಟಿರುತ್ತದೆ. ಬಂಡೆಯಿಂದ ಹಾರುವವನ ಹತ್ತಿರ ಇರುವುದು ಚಡ್ಡಿ ಮತ್ತು ಫೋನು.

ಆ ಉತ್ತರ ಯಾವುದು ಎಂದು ಸ್ವಲ್ಪ ವಿವರವಾಗಿ ನೋಡೋಣ. ದುಬೈಯಲ್ಲೋ ಬೇರೆಲ್ಲೋ ಹಾರಲು ಹಣ ಕೂಡಿಡುತ್ತಿರುವ ಮಕ್ಕಳಿಗೂ ಇದು ಬೇಕು.

ಸ್ಕೈಡೈವಿಂಗ್ ಮಾಡುವವನ ಬೆನ್ನಚೀಲದಲ್ಲಿ ಪ್ಯಾರಾಚೂಟ್ ಒಂದಲ್ಲ, ಎರಡು. ಒಂದು ಮುಖ್ಯದ್ದು, ಇನ್ನೊಂದು ಅದು ತೆರೆಯದಿದ್ದರೆ ಬಳಸುವ ಮೀಸಲು. ಮೀಸಲು ಪ್ಯಾರಾಚೂಟನ್ನು ಯಾರು ಬೇಕಾದರೂ ಮಡಿಸುವಂತಿಲ್ಲ, ಅದಕ್ಕೆ ಪರವಾನಗಿ ಪಡೆದ ಕೆಲಸಗಾರ ಬೇರೆ. ಅಮೆರಿಕದ ನಿಯಮದಂತೆ, ಬಳಸಲಿ ಬಿಡಲಿ, 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ ಪರೀಕ್ಷಿಸಿ ಮತ್ತೆ ಮಡಿಸಬೇಕು, ದಿನಾಂಕ ಬರೆದಿಡಬೇಕು. ಇನ್ನು ಮೂರನೆಯದು ಒಂದು ಪುಟ್ಟ ಯಂತ್ರ. ಹಾರಿದವನು ಪ್ರಜ್ಞೆ ತಪ್ಪಿದರೂ, ಗಾಬರಿಯಲ್ಲಿ ಹಗ್ಗ ಎಳೆಯಲು ಮರೆತರೂ, ಬೀಳುವ ವೇಗ ಮತ್ತು ಎತ್ತರ ನೋಡಿಕೊಂಡು ಅದೇ ಮೀಸಲು ಪ್ಯಾರಾಚೂಟನ್ನು ಬಿಡಿಸುತ್ತದೆ. ಸೈಪ್ರೆಸ್ ಎಂಬ ಹೆಸರಿನಲ್ಲಿ 1991ರಲ್ಲಿ ಜರ್ಮನಿಯಿಂದ ಬಂದದ್ದು ಇವುಗಳಲ್ಲಿ ಹೆಸರುವಾಸಿ. ಅನುಭವಿಗಳ ಮಾದರಿ ಸುಮಾರು 750 ಅಡಿ ಎತ್ತರದಲ್ಲಿ ಕೆಲಸ ಮಾಡುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಬೀಳುವವನಿಗೆ ಆ ಎತ್ತರದಿಂದ ನೆಲಕ್ಕೆ ನಾಲ್ಕು ಸೆಕೆಂಡು. ಒಬ್ಬರು ಗ್ಲಾಸಿನಿಂದ ಎರಡು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಅಲ್ಲ. ಅಷ್ಟು ಸಣ್ಣ ಸಮಯಕ್ಕೂ ಒಂದು ಏರ್ಪಾಡು ಮಾಡಿಟ್ಟಿದ್ದಾರೆ.

ಮೊದಲ ಸಲ ಹೋಗುವವರು ಒಂಟಿಯಾಗಿ ಹಾರುವುದಿಲ್ಲ, ತರಬೇತುದಾರನ ಎದೆಗೆ ಬೆನ್ನು ಕೊಟ್ಟು ಜೋಡಿಯಾಗಿ ಹಾರುತ್ತಾರೆ. ಇದನ್ನು ಟ್ಯಾಂಡೆಮ್ ಎನ್ನುತ್ತಾರೆ. ಇಲ್ಲಿ ನೀವು ಕಣ್ಣಾರೆ ನೋಡಿಕೊಳ್ಳಬಹುದಾದದ್ದು ಬೆಲ್ಟು. ನಿಮ್ಮ ಬೆಲ್ಟು ತರಬೇತುದಾರನಿಗೆ ನಾಲ್ಕು ಕಡೆ ಸೇರಬೇಕು: ಭುಜದ ಹತ್ತಿರ ಎರಡು ಕೊಕ್ಕೆ, ಸೊಂಟದ ಹತ್ತಿರ ಎರಡು. ಬಾಗಿಲು ತೆರೆಯುವ ಮೊದಲು ನಾಲ್ಕನ್ನೂ ಎಣಿಸಿ. ನಾಚಿಕೆ ಬೇಡ, ‘ನಾಲ್ಕೂ ಹಾಕಿದ್ದೀರಾ?’ ಎಂದು ಬಾಯಿಬಿಟ್ಟು ಕೇಳಿ. ಒಳ್ಳೆಯ ತರಬೇತುದಾರ ಅದಕ್ಕೆ ಸಿಟ್ಟಾಗುವುದಿಲ್ಲ. ತೊಡೆಯ ಪಟ್ಟಿ ಬಿಗಿ ಇರಬೇಕು. ನಿಂತಾಗ ಸ್ವಲ್ಪ ಅಹಿತ ಅನಿಸಿದರೂ ಸರಿ, ಪ್ಯಾರಾಚೂಟ್ ತೆರೆದಾಗ ನಿಮ್ಮ ಭಾರವೆಲ್ಲ ಅದರ ಮೇಲೆಯೇ ಕೂರುವುದು. ತೂಕಕ್ಕೆ ಮಿತಿ ಇರುತ್ತದೆ. ಬುಕ್ ಮಾಡುವಾಗ ನಾಲ್ಕು ಕೆ.ಜಿ. ಕಡಿಮೆ ಹೇಳಿ ಪ್ರಯೋಜನ ಇಲ್ಲ, ಅಲ್ಲಿ ತಕ್ಕಡಿ ಉಂಟು. ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳದೆ ಹೋಗುವುದೇ ಬೇಡ.

ಬಟ್ಟೆಯ ವಿಷಯವನ್ನು ಹೆಣ್ಣುಮಕ್ಕಳು ಕೇಳುವುದುಂಟು. ಗಾಳಿಗೆ ಹಾರಾಡುವ ಯಾವುದೂ ಅಲ್ಲಿ ಒಳ್ಳೆಯದಲ್ಲ. ಪಿನ್ ಹಾಕಿದ ಶಾಲು, ಜೋತಾಡುವ ದುಪಟ್ಟಾ ತರಬೇತುದಾರನ ಮುಖಕ್ಕೆ ಬಡಿದು ಕಣ್ಣು ಮುಚ್ಚಬಹುದು, ಕೊಕ್ಕೆಗೂ ಸಿಕ್ಕಿಕೊಳ್ಳಬಹುದು. ತಲೆ ಮುಚ್ಚಬೇಕೆಂದರೆ ಪಿನ್ ಇಲ್ಲದ, ತಲೆಗೆ ಅಂಟಿಕೊಂಡು ನಿಲ್ಲುವ ಆಟದ ಹಿಜಾಬ್ ಸಿಗುತ್ತದೆ. ಅದರ ತುದಿ ಉಡುಪಿನೊಳಗೆ ಸೇರಿಸಬೇಕು. ಉದ್ದ ತೋಳಿನ ಅಂಗಿ, ಪ್ಯಾಂಟು, ಅದರ ಮೇಲೆ ಅವರೇ ಕೊಡುವ ಜಂಪ್‌ಸೂಟ್, ಲೇಸ್ ಕಟ್ಟಿದ ಬೂಟು. ಉಂಗುರ, ಬಳೆ, ವಾಚು, ಕಿಸೆಯ ಚಿಲ್ಲರೆ, ಎಲ್ಲ ಕೆಳಗೆ ಬಿಟ್ಟು ಹೋಗಬೇಕು. ಕನ್ನಡಕ ಹಾಕುವವರಿಗೆ ಅದರ ಮೇಲೆ ಹಾಕುವ ದೊಡ್ಡ ಗಾಗಲ್ಸ್ ಕೇಳಿ ಪಡೆಯಿರಿ.

ಈಗ ಕ್ಯಾಮೆರಾ. ಟ್ಯಾಂಡೆಮ್ ಹಾರುವವರಿಗೆ ಸ್ವಂತ ಫೋನು, ಗೋಪ್ರೋ ತೆಗೆದುಕೊಂಡು ಹೋಗಲು ಸಾಮಾನ್ಯವಾಗಿ ಬಿಡುವುದಿಲ್ಲ. ವಿಡಿಯೋ ಮಾರಿ ಹಣ ಮಾಡುವುದಕ್ಕೆ ಹಾಗೆ ಮಾಡುತ್ತಾರೆ ಎಂದು ಹುಡುಗರು ಗೊಣಗುತ್ತಾರೆ. ಹಣದ ಲೆಕ್ಕ ಇಲ್ಲವೆಂದಲ್ಲ, ಆದರೆ ನಿಜವಾದ ಕಾರಣ ಬೇರೆ. ಒಂಟಿಯಾಗಿ ಹಾರಲು ಕಲಿತು ಪರವಾನಗಿ ಪಡೆದವನಿಗೂ ಕನಿಷ್ಠ 200 ಸಲ ಹಾರುವವರೆಗೆ ಕ್ಯಾಮೆರಾ ಬೇಡ ಎನ್ನುತ್ತದೆ ಯುಎಸ್‌ಪಿಎ. ಬೆರಳುದ್ದದ ಒಂದು ಪೆಟ್ಟಿಗೆಗೆ 200 ಜಿಗಿತ ಯಾಕೆ?

ಒಂದು, ಅದು ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗ ಹತ್ತಾರು ಎಳೆಗಳು ತಲೆಯ ಹತ್ತಿರದಿಂದ ಬಿರುಸಾಗಿ ಹೋಗುತ್ತವೆ. ಹೆಲ್ಮೆಟ್ಟಿನ ಮೇಲೆ ಎದ್ದು ನಿಂತ ಕ್ಯಾಮೆರಾದ ಮೂಲೆಗೆ ಒಂದು ಎಳೆ ಸುತ್ತಿಕೊಂಡರೆ ಕುತ್ತಿಗೆಯ ಕತೆ ಮುಗಿಯಿತು. ಹಾಗಾಗಿಯೇ ಕಸುಬಿನ ಕ್ಯಾಮೆರಾಮನ್‌ಗಳು ಮೂಲೆ ಕಾಣದಂತೆ ನುಣುಪಾಗಿ ಕೂರಿಸುತ್ತಾರೆ, ಸಿಕ್ಕಿಕೊಂಡರೆ ಒಂದೇ ಕೈಯಲ್ಲಿ ಬಿಚ್ಚಿ ಎಸೆಯುವಂಥ ಗಲ್ಲಪಟ್ಟಿ ಹಾಕುತ್ತಾರೆ. ಎರಡನೆಯದು ಇದಕ್ಕಿಂತ ದೊಡ್ಡದು, ಗಮನ. 13,000 ಅಡಿಯಿಂದ ಹಾರಿದವನಿಗೆ ಪ್ಯಾರಾಚೂಟ್ ತೆರೆಯುವವರೆಗೆ ಸಿಗುವುದು ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಅದರಲ್ಲಿ ಎತ್ತರ ನೋಡಬೇಕು, ಸುತ್ತ ಯಾರಿದ್ದಾರೆ ನೋಡಬೇಕು, ಸಮಯಕ್ಕೆ ಎಳೆಯಬೇಕು. ಕೆಂಪು ದೀಪ ಹೊತ್ತಿದೆಯಾ, ನಾನು ಫ್ರೇಮಿನಲ್ಲಿದ್ದೇನಾ ಎಂಬ ಯೋಚನೆ ಬಂದರೆ ಉಳಿದದ್ದು ಕೈಬಿಡುತ್ತದೆ.

ಇದು ಹೊಸಬರಿಗೆ ಮಾತ್ರ ಎಂದುಕೊಳ್ಳಬೇಡಿ. 1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, 800ಕ್ಕೂ ಹೆಚ್ಚು ಸಲ ಹಾರಿದ್ದ ಕ್ಯಾಮೆರಾಮನ್ ಒಬ್ಬ, ಕಲಿಯುವವನೊಬ್ಬನ ಜಿಗಿತವನ್ನು ಚಿತ್ರೀಕರಿಸಲು ವಿಮಾನದಿಂದ ಹಾರಿದ. ಹಾರಿದ ಮೇಲೆ ನೋಡಿದರೆ ಬೆನ್ನಿನಲ್ಲಿ ಪ್ಯಾರಾಚೂಟೇ ಇಲ್ಲ. ಆ ಕಾಲದ ವಿಡಿಯೋ ಸಾಮಾನು ಭಾರದ್ದು. ಮೈಮೇಲೆ ಹೊತ್ತ ಆ ಭಾರವನ್ನೇ ಪ್ಯಾರಾಚೂಟ್ ಎಂದುಕೊಂಡಿರಬೇಕು ಎಂದು ತನಿಖೆ ಮಾಡಿದವರು ಭಾವಿಸಿದರು. ಕ್ಯಾಮೆರಾ ಎಲ್ಲವನ್ನೂ ಕೊನೆಯವರೆಗೆ ಹಿಡಿದಿಟ್ಟಿತ್ತು. 800 ಸಲ ಹಾರಿದವನಿಗೆ ಹೀಗಾಗುತ್ತದೆ ಎಂದರೆ, ಒಂದು ಕೈಯಲ್ಲಿ ಸೆಲ್ಫಿ ಕೋಲು ಹಿಡಿದು ಬಂಡೆಯಿಂದ ಹಾರುವ ಹತ್ತೊಂಬತ್ತರ ಹುಡುಗನ ಬಗ್ಗೆ ಎಂತ ಹೇಳುವುದು?

ಸಾಣಾಪುರಕ್ಕೆ ಬರೋಣ. 25 ಅಡಿಯಿಂದ ಬಿದ್ದವನು ನೀರಿಗೆ ತಾಗುವಾಗ ವೇಗ ಗಂಟೆಗೆ ಸುಮಾರು 44 ಕಿ.ಮೀ. ಬೈಕಿನಲ್ಲಿ ಆ ವೇಗದಲ್ಲಿ ಬಿದ್ದರೆ ಏನಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೀರು ಆಳ ಇದ್ದು, ಕಾಲು ಮೊದಲು ಹೋದರೆ ಪಾರು. ಹೊಟ್ಟೆ ಅಥವಾ ಬೆನ್ನು ಬಡಿದರೆ ಉಸಿರೇ ನಿಂತಂತಾಗುತ್ತದೆ. ಸೆಳೆತದ ನೀರಿನಲ್ಲಿ ಆ ಎರಡು ಮೂರು ಕ್ಷಣವೇ ದುಬಾರಿ. ಕರಾವಳಿಯಿಂದ ಬಂದ ನಮ್ಮವರಿಗೆ ಇಲ್ಲಿ ಇನ್ನೊಂದು ಭ್ರಮೆ. ‘ನಾನು ನೇತ್ರಾವತಿಯಲ್ಲಿ ಈಜಿದವ, ಇದೆಂತ ದೊಡ್ಡ ಹೊಳೆ!’ ನೇತ್ರಾವತಿಯ ಹೊಯಿಗೆಯ ತಳ ಬೇರೆ, ಇಲ್ಲಿಯದು ಬೇರೆ. ತುಂಗಭದ್ರೆ ಆನೆಗುಂದಿ ಸುತ್ತ ಹರಿಯುವುದು ಹೆಬ್ಬಂಡೆಗಳ ಸಂದಿಯಲ್ಲಿ. ಮೇಲೆ ನೀರು ನಯವಾಗಿ ಕಾಣುತ್ತದೆ, ಅಡಿಯಲ್ಲಿ ಎರಡು ಕಲ್ಲುಗಳ ನಡುವಿನ ಸಂದಿಗೆ ನೀರು ನುಗ್ಗುತ್ತಿರುತ್ತದೆ, ಸಿಕ್ಕಿದ ಕಾಲನ್ನು ಬಿಡುವುದಿಲ್ಲ. ಇನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳು ಒಣಭೂಮಿಯವರು. ಬಾವಿಯಲ್ಲಿ ಈಜು ಕಲಿತವರು ಗಟ್ಟಿಗರೇ, ಆದರೆ ಬಾವಿಯ ನೀರು ನಿಂತ ನೀರು.

ಮೇಲಾಗಿ ಈ ಹೊಳೆಯ ನೀರು ಮಳೆ ನೋಡಿ ಮಾತ್ರ ಏರುವುದಿಲ್ಲ, ಅಣೆಕಟ್ಟೆ ನೋಡಿ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿರಬಹುದು. ಅದು ಅಪರೂಪದ್ದು. ಆದರೆ ಗೇಟು ತೆಗೆದು ನೀರು ಬಿಡುವುದು ಮಳೆಗಾಲದಲ್ಲಿ ಮಾಮೂಲು. ಆನೆಗುಂದಿಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಹೊಳೆ ಏರುತ್ತಿರಬಹುದು. ಹೋಗುವ ದಿನ ಪತ್ರಿಕೆಯಲ್ಲಿ ಜಲಾಶಯದ ಹೊರಹರಿವು ನೋಡಿ ಹೊರಡಿ. ದಡದ ಅಂಬಿಗರು ‘ಇವತ್ತು ಬೇಡ’ ಎಂದರೆ ಅದು ಕೊನೆಯ ಮಾತು. ತಮ್ಮ ದಿನದ ಸಂಪಾದನೆ ಬಿಟ್ಟು ಅವರು ಆ ಮಾತು ಹೇಳುತ್ತಿದ್ದಾರೆ.

ಹರಿಗೋಲಿನ ವಿಷಯಕ್ಕೆ ಬಂದರೆ, ಲೈಫ್ ಜಾಕೆಟ್ ಹಾಕುವುದೆಂದರೆ ತೋಳು ತೂರಿಸಿ ಮುಂದೆ ತೆರೆದಿಡುವುದಲ್ಲ. ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು, ಜೊತೆಯವರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಲು ಹೇಳಿ. ಜಾಕೆಟ್ ಕಿವಿವರೆಗೆ ಏರಿದರೆ ಅದು ಸಡಿಲ. ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ನೀವು ಕೆಳಗೆ. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದರೂ ಇದೇ ಕತೆ. ಬುರ್ಖಾ ಹಾಕಿದವರು ಜಾಕೆಟ್ಟನ್ನು ಅದರ ಮೇಲೆಯೇ ಕಟ್ಟಬೇಕು, ಒಳಗೆ ಅಲ್ಲ. ನೆನೆದ ಬಟ್ಟೆಯ ಭಾರ ಸಣ್ಣದಲ್ಲ. ಜಾಕೆಟ್ ಉಂಟಲ್ಲ ಎಂದು ಅದನ್ನು ಹಾಕಿಕೊಂಡು ಎತ್ತರದಿಂದ ಹಾರುವುದೂ ತಪ್ಪು. ನೀರಿಗೆ ಬಡಿದಾಗ ಅದು ಮೇಲಕ್ಕೆ ನುಗ್ಗಿ ಗದ್ದಕ್ಕೆ, ಕುತ್ತಿಗೆಗೆ ಹೊಡೆಯುತ್ತದೆ.

ರೀಲ್ಸ್‌ಗೋಸ್ಕರ ಹರಿಗೋಲನ್ನು ಗಿರಗಿರ ತಿರುಗಿಸುವುದು ಈಗ ಫ್ಯಾಷನ್. ತಿರುಗುವುದಕ್ಕಿಂತ ಅಪಾಯ ಮುಂದಿನದು: ಎಲ್ಲರೂ ಒಂದೇ ಫ್ರೇಮಿಗೆ ಬರಲು ಒಂದು ಬದಿಗೆ ಸರಿಯುತ್ತಾರೆ, ಒಬ್ಬ ಎದ್ದು ನಿಂತು ಕೈ ಚಾಚುತ್ತಾನೆ. ಬುಟ್ಟಿಯಂಥ ದೋಣಿಗೆ ಅಷ್ಟು ಸಾಕು. 2011ರಿಂದ 2017ರವರೆಗೆ ಜಗತ್ತಿನಾದ್ಯಂತ ಸೆಲ್ಫಿ ತೆಗೆಯುವಾಗ ಆದ 259 ಸಾವುಗಳನ್ನು ಪತ್ರಿಕಾ ವರದಿಗಳಿಂದ ಕಲೆಹಾಕಿದ ವೈದ್ಯರ ಅಧ್ಯಯನವೊಂದು 2018ರಲ್ಲಿ ಬಂತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದ್ದೇ. ಮೊದಲ ಕಾರಣ ನೀರಲ್ಲಿ ಮುಳುಗುವುದು. ಕಬ್ಬರಗಿಯ ಕಪಿಲತೀರ್ಥ ಜಲಪಾತಕ್ಕೆ ಮಳೆಗಾಲದಲ್ಲಿ ಹೋಗುವ ಕುಷ್ಟಗಿಯ ಹುಡುಗರೂ, ರಜೆಯಲ್ಲಿ ಊರಿಗೆ ಹೋದಾಗ ಮಲ್ಪೆ, ಪಣಂಬೂರಿನ ಕಡಲಿಗಿಳಿಯುವವರೂ ಈ ಲೆಕ್ಕ ನೆನಪಿಡಬೇಕು.

ಹಾಗಾದರೆ ಚಿತ್ರವೇ ಬೇಡವಾ? ಬೇಕು, ಯಾಕೆ ಬೇಡ? ಸ್ಕೈಡೈವಿಂಗ್‌ನವರ ನಿಯಮವನ್ನೇ ಇಲ್ಲಿಗೆ ತಂದರೆ ಸಾಕು: ನೀರಿಗಿಳಿಯುವವನ ಕೈಯಲ್ಲಿ ಕ್ಯಾಮೆರಾ ಇಲ್ಲ, ಕ್ಯಾಮೆರಾ ಹಿಡಿದವನು ನೀರಿಗಿಳಿಯುವುದಿಲ್ಲ. ನಿಮ್ಮಲ್ಲಿ ತಾಳ್ಮೆ ಇರುವ ಒಬ್ಬ ದಡದಲ್ಲಿ ಒಣಗಿದ, ಪಾಚಿ ಇಲ್ಲದ ಕಲ್ಲಿನ ಮೇಲೆ ಕೂತೇ ಇರಲಿ. ನಿಂತು ಹಿಂದೆ ಹಿಂದೆ ಸರಿಯುತ್ತಾ ತೆಗೆಯುವುದು ಬೇಡ. ಅವನ ಪಕ್ಕದಲ್ಲಿ ಕ್ಯಾಮೆರಾ ಇಲ್ಲದ ಇನ್ನೊಬ್ಬ ಬೇಕು, ಅವನ ಕೆಲಸ ನೋಡುವುದು ಮಾತ್ರ. ಫೋನಿನ ಪರದೆಯಲ್ಲಿ ನೋಡುತ್ತಿರುವವನಿಗೆ ಗೆಳೆಯ ಆಟ ಆಡುತ್ತಿದ್ದಾನೋ ಮುಳುಗುತ್ತಿದ್ದಾನೋ ತಿಳಿಯುವುದು ತಡವಾಗುತ್ತದೆ. ಮುಳುಗುವವನು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ, ಉಸಿರಿಗೇ ಬಾಯಿ ಸಾಲದು.

ಆ ಎರಡನೆಯವನ ಹತ್ತಿರ 20 ಮೀಟರ್ ನೈಲಾನ್ ಹಗ್ಗ ಇರಲಿ, ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿರಲಿ. ಕ್ಯಾನಿನೊಳಗೆ ಒಂದು ಗ್ಲಾಸು ನೀರು ಹಾಕಿದರೆ ಎಸೆಯಲು ಭಾರ ಸಿಗುತ್ತದೆ, ತೇಲುವುದಕ್ಕೂ ತೊಂದರೆ ಇಲ್ಲ. ಬೇಕರಿ, ಹೋಟೆಲು ಇರುವ ಕಡೆ ಇಂಥ ಕ್ಯಾನಿಗೆ ಬರವಿಲ್ಲ. ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಹಾರಬೇಡಿ, ಒಬ್ಬನ ಬದಲು ಇಬ್ಬರು ಹೋಗುತ್ತಾರೆ. ಹಗ್ಗ ಎಸೆಯಿರಿ, ಉದ್ದ ಕೋಲು ಚಾಚಿ, ಅಂಬಿಗರನ್ನು ಕೂಗಿ, 112ಕ್ಕೆ ಫೋನು ಮಾಡಿ. ಫೋನು ದಡದಲ್ಲೇ, ಒಣಗಿದ ಕೈಯಲ್ಲಿ ಇರಬೇಕಾದ ಇನ್ನೊಂದು ಕಾರಣ ಇದೇ. ಕಂಪನಿಯವರು ಹೇಳುವ ‘ವಾಟರ್‌ಪ್ರೂಫ್’ ನಿಂತ ನೀರಿನಲ್ಲಿ ಪರೀಕ್ಷೆ ಮಾಡಿದ್ದು, ಕಲ್ಲಿಗೆ ಬಡಿಯುವ ಹೊಳೆಯಲ್ಲಿ ಅಲ್ಲ. ಹೊರಡುವ ಮುಂಚೆ ಚಾರ್ಜ್ ಪೂರ್ತಿ ಇರಲಿ. ಸಂಜೆ ಬಿಸಿಲು ಬಂಡೆಗಳ ಮೇಲೆ ಕೆಂಪಗೆ ಬೀಳುವಾಗ ದಡದಿಂದ ತೆಗೆದ ಚಿತ್ರವೇ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ. ಅದಾದ ಕೂಡಲೇ ಸಾಮಾನು ಕಟ್ಟಿ. ಕತ್ತಲಾದ ಮೇಲೆ ಆ ಕಲ್ಲುಗಳ ನಡುವೆ ಬೈಕಿನವರೆಗೆ ನಡೆದು ಬರುವುದೂ ಕಷ್ಟ.