ವರಲಕ್ಷ್ಮಿ ಅಂದ್ರೆ ಹಬ್ಬ ಮಾತ್ರ ಅಲ್ಲ

ಉತ್ತರ ಕರ್ನಾಟಕದ ಹಿರಿಯ ರೈತರ ಹತ್ರ ಹತ್ತಿ ವಿಷಯ ತೆಗೆದು ನೋಡಿ, 'ವರಲಕ್ಷ್ಮಿ' ಹೆಸರು ಬಂದೇ ಬರುತ್ತೆ. ಅದು 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಹೊರಬಂದ ಹತ್ತಿ ತಳಿ. ಅದನ್ನು ಕೊಟ್ಟವರು ಡಾ. ಬಿ.ಎಚ್. ಕಟರಕಿ.

ನಮ್ಮ ದೇಶದಲ್ಲಿ ಹತ್ತಿಗೇನೂ ಬರ ಇರಲಿಲ್ಲ. ಆದರೆ ನಯವಾದ ನೂಲು ತೆಗೆಯೋಕೆ ಬೇಕಾದ ಉದ್ದ ಎಳೆಯ ಹತ್ತಿ ಈಜಿಪ್ಟ್, ಸುಡಾನ್‌ಗಳಿಂದ ಬರಬೇಕಿತ್ತು. ಆ ಎಳೆ ಕೊಡುವ ಬಾರ್ಬಡೆನ್ಸ್ ಜಾತಿ ನಮ್ಮ ಹೊಲಗಳಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. ಹಾಗಾಗಿ ಕಟರಕಿಯವರು ಇಲ್ಲಿನ ಮಣ್ಣಿಗೆ ಹೊಂದಿಕೊಂಡಿದ್ದ 'ಲಕ್ಷ್ಮಿ' ತಳಿಯನ್ನು ತಾಯಿಯಾಗಿ ಇಟ್ಟುಕೊಂಡು, ಬಾರ್ಬಡೆನ್ಸ್ ಜಾತಿಯ 'ಎಸ್‌ಬಿ 289ಇ' ಜೊತೆ ಕ್ರಾಸ್ ಮಾಡಿದರು. ಜಾತಿ ಬೇರೆಯಾದರೂ ಎರಡರಲ್ಲೂ 52 ಕ್ರೋಮೋಸೋಮ್, ಅದಕ್ಕೇ ಇದು ಸಾಧ್ಯವಾಯಿತು. ನಮ್ಮ ಜವಾರಿ ಹತ್ತಿಯಲ್ಲಿ ಇರೋದು 26 ಮಾತ್ರ. 1970ರಲ್ಲಿ ಸೂರತ್‌ನ ಸಿ.ಟಿ. ಪಟೇಲ್ ಜಗತ್ತಿನ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ಕೊಟ್ಟಿದ್ದರು, ಆದರೆ ಅದು ಒಂದೇ ಜಾತಿಯೊಳಗಿನ ಸಂಬಂಧ. ಎರಡು ಜಾತಿ ಬೆರೆತ ಮೊದಲ ವಾಣಿಜ್ಯ ಹೈಬ್ರಿಡ್ ನಮ್ಮ ಧಾರವಾಡದ್ದು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೀಜ ಮಾಡುವ ಕೆಲಸ. ಹತ್ತಿ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುತ್ತೆ, ಬಿಟ್ಟರೆ ತನ್ನ ಪರಾಗದಿಂದಲೇ ಕಾಯಿ ಕಟ್ಟಿಬಿಡುತ್ತೆ. ಅದಕ್ಕೇ ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಸಂಜೆಯೇ ಹುಡುಕಿ, ಉಗುರಿನಿಂದ ಎಸಳು, ಕೇಸರ ಕಿತ್ತುಹಾಕಬೇಕು. ನಡುವಿನ ಶಲಾಕೆಗೆ ಗಾಯ ಆಗಬಾರದು. ಮರುದಿನ ಬೆಳಿಗ್ಗೆ ತಂದೆ ಗಿಡದ ಹೂ ತಂದು ಅದರ ಮೇಲೆ ಸವರಬೇಕು. ಇಷ್ಟಾದರೆ ಒಂದು ಕಾಯಿ! ಹೊಲದ ತುಂಬ, ಹೂ ಬಿಡುವಷ್ಟು ದಿನವೂ, ಹೀಗೇ. ಮಾಡಿದ್ದು ಬಹುಪಾಲು ಹೆಣ್ಣುಮಕ್ಕಳು. ಮುಂದೆ ಹೈಬ್ರಿಡ್ ಬೀಜದ ಹೊಲಗಳಲ್ಲಿ ಶಾಲೆಗೆ ಹೋಗಬೇಕಾದ ಹುಡುಗಿಯರನ್ನು ದುಡಿಸಿಕೊಂಡಿದ್ದೂ ದಾಖಲಾಗಿದೆ. ತಳಿಯನ್ನು ಹೊಗಳುವಾಗ ಅದನ್ನು ಬಿಟ್ಟು ಹೇಳೋದು ನ್ಯಾಯ ಅಲ್ಲ.

ಇನ್ನೊಂದು ಮಾತು. ಹೈಬ್ರಿಡ್ ಬೆಳೆಯ ಬೀಜವನ್ನೇ ಎತ್ತಿಟ್ಟು ಮತ್ತೆ ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ ಬರುತ್ತೆ, ಇಳುವರಿ ಕುಸಿಯುತ್ತೆ. ಅಂದರೆ ರೈತ ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸಬ್‌ಸ್ಕ್ರಿಪ್ಷನ್! 1981ರಲ್ಲಿ ಧಾರವಾಡದಿಂದಲೇ ಜಯಲಕ್ಷ್ಮಿ, ಅಂದರೆ ಡಿಸಿಎಚ್-32, ಬಂತು. 2002ರಲ್ಲಿ ಬಿಟಿ ಹತ್ತಿ ಬಂದಾಗ ಅದನ್ನೂ ಹೈಬ್ರಿಡ್ ರೂಪದಲ್ಲೇ ಮಾರಿದರು. ಜೀನ್ ಪ್ರಯೋಗಾಲಯದ್ದು, ಆದರೆ ಆ ಬೀಜವನ್ನೂ ಮೊಗ್ಗು ಬಿಡಿಸುವ ಉಗುರುಗಳೇ ಮಾಡಬೇಕಿತ್ತು.