ಅಪ್ಪ ಉಸಿರು ಕಟ್ಟಿದರು... ಮಗ ಉಸಿರು ಬಿಟ್ಟರು!

ಅಣ್ಣಾವ್ರ ‘ಒಂದು ಮುತ್ತಿನ ಕಥೆ’ ನೆನಪಿದೆಯಾ ಅಭಿಮಾನಿಗಳೇ? 1987ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ಆ ಚಿತ್ರದಲ್ಲಿ ಡಾ. ರಾಜ್ ಕಡಲಿಗೆ ಧುಮುಕಿ ಮುತ್ತು ತೆಗೆಯುವವರು. ಮುತ್ತಿಗಾಗಿ ಮುಳುಗುವವನ ಬಂಡವಾಳ ಒಂದೇ: ಬಿಗಿಹಿಡಿದ ಉಸಿರು!

ಮೂವತ್ತೈದು ವರ್ಷದ ಮೇಲೆ ಮಗನೂ ತೆರೆಯ ಮೇಲೆ ಕಡಲಿಗಿಳಿದರು. ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’ ತೆರೆಕಂಡದ್ದು 2022ರ ಅಕ್ಟೋಬರ್ 28ಕ್ಕೆ, ಅಪ್ಪು ನಮ್ಮನ್ನಗಲಿ ವರ್ಷ ತುಂಬುವ ಮುನ್ನಾದಿನ. ಅಲ್ಲಿ ಪಾತ್ರವಿಲ್ಲ, ಫೈಟಿಲ್ಲ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಪುನೀತ್, ಪುನೀತ್ ಆಗಿಯೇ ನೇತ್ರಾಣಿಯ ನೀರಿಗಿಳಿಯುತ್ತಾರೆ.

ಟಾಕೀಸಿನಲ್ಲಿ ಕೂತೇ ನಾನು ತೀರ್ಮಾನ ಮಾಡಿಬಿಟ್ಟೆ... ಅಪ್ಪು ಇಳಿದ ನೀರಿಗೆ ನಾನೂ ಇಳಿಯಬೇಕು! ನಮ್ಮೂರು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಒಣ ಸೀಮೆ. “ಬಾವ್ಯಾಗ ಈಜಿದ್ದು ಸಾಕಾಗ್ಲಿಲ್ಲೇನೋ, ಸಮುದ್ರಕ್ಕ ಹೊಂಟಿಯಾ?” ಅಂದಳು ಅವ್ವ. ಹಾವೇರಿ, ಹಾನಗಲ್ಲು, ಶಿರಸಿ ದಾಟಿ, ಘಟ್ಟ ಇಳಿದು ಮುರುಡೇಶ್ವರ ಸೇರಿದೆ. ಅಲ್ಲಿಂದ ದೋಣಿ. ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ.

ಶೂರತನ ದಡದಲ್ಲೇ ಬಿಡಿ!

“ಏನೇ ಆಗ್ಲಿ, ಉಸಿರು ಮಾತ್ರ ಕಟ್ಬೇಡಿ.” ಕಲಿಸುವವರ ಮೊದಲ ಮಾತೇ ಇದು. ನಮ್ಮ ಬಾವಿಯಲ್ಲಿ ಹೆಚ್ಚು ಹೊತ್ತು ಉಸಿರು ಕಟ್ಟಿದವನೇ ಹೀರೋ! ಇಲ್ಲಿ ಎಲ್ಲ ಉಲ್ಟಾ.

ಕಾರಣ ಕೇಳಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಹಿಗ್ಗುತ್ತದೆ. ಬಾಯಿ ಬಿಗಿದುಕೊಂಡು ಮೇಲೇರಿದರೆ ಶ್ವಾಸಕೋಶವೇ ಹರಿದೀತು! ಸಿಲಿಂಡರಿನಲ್ಲಿರುವುದು ಬರೀ ಆಕ್ಸಿಜನ್ ಅಲ್ಲ ಸ್ವಾಮಿ, ಒತ್ತಿ ತುಂಬಿದ ಮಾಮೂಲಿ ಗಾಳಿ. ಕೆಳಗಿಳಿಯುತ್ತ ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವಾದರೆ ಮುಂದೆ ಇಳಿಯಕೂಡದು.

ಇನ್ನೊಂದು ತಮಾಷೆ. ಹೆಬ್ಬೆರಳು ಎತ್ತಿದರೆ ನಮಗೆ ‘ಸೂಪರ್ ಗುರೂ’. ನೀರಿನಡಿಯಲ್ಲಿ ಅದರರ್ಥ ‘ಮೇಲೆ ಹೋಗೋಣ’! ಎಲ್ಲ ಸರಿಯಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಸದ್ದಲೇ!

ಆಯುಧಪೂಜೆಯಂದು ನಮ್ಮ ಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಸಾಕು, ಇಡೀ ಜನಸಾಗರ ಗಪ್‌ಚಿಪ್. ನೀರಿನಡಿಯ ಮೌನವೂ ಅಂಥದ್ದೇ. ಕೇಳುವುದು ನಮ್ಮ ಉಸಿರು, ಗುಳುಗುಳು ಗುಳ್ಳೆ... ಅಷ್ಟೇ. ಈ ಉಸಿರಿನ ಯಂತ್ರವನ್ನು 1943ರಲ್ಲಿ ಮೆಡಿಟರೇನಿಯನ್ ಕಡಲಿನಲ್ಲಿ ಪರೀಕ್ಷಿಸಿದ ಫ್ರಾನ್ಸಿನ ಕೂಸ್ತೊ ಕೂಡ ಸಿನಿಮಾದವರೇ! ಲೂಯಿ ಮಾಲ್ ಜೊತೆ ಅವರು ತೆಗೆದ, ‘ಮೌನ ಜಗತ್ತು’ ಎಂಬರ್ಥದ ಹೆಸರಿನ ಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಪಾಮ್ ದೋರ್ ಸಿಕ್ಕಿತು.

ಗಿಳಿಬಣ್ಣದ ಮೀನುಗಳು ಕಣ್ಣೆದುರೇ ಹಾದವು. ಬಂಡೆಗಂಟಿದ ಹವಳ ಕಲ್ಲಲ್ಲ, ಜೀವ. ಕೈ ತಾಗಿಸಿದರೂ ಅದಕ್ಕೆ ಪೆಟ್ಟು.

ಹೋಗುವ ಆಸೆಯೇ? ಮಳೆಗಾಲ ಕಳೆದ ಮೇಲೆ ಹೋಗಿ. ಕಲಿಸುವವರು ಜೊತೆಯಲ್ಲೇ ಹಿಡಿದುಕೊಂಡಿರುತ್ತಾರೆ. ಈಜು ಬಾರದವರೂ ಇಳಿಯಬಹುದು. ಹೃದ್ರೋಗ, ಅಸ್ತಮಾ, ನೆಗಡಿ ಇದ್ದರೆ ಮುಚ್ಚಿಡದೆ ಮೊದಲೇ ಹೇಳಿ. ಅಣ್ಣಾವ್ರ ಥರ ಮುತ್ತು ತರ್ತೀನಿ ಅಂತ ಉಸಿರು ಬಿಗಿಹಿಡಿಯಬೇಡಿ. ಅಪ್ಪು ತೋರಿದ ಹಾಗೆ ನಿಧಾನಕ್ಕೆ ಉಸಿರಾಡಿ, ಕಣ್ತುಂಬ ನೋಡಿ, ಬರಿಗೈಯಲ್ಲಿ ಮೇಲೆ ಬನ್ನಿ!